ಹಸಿರು ಬೊಟ್ಟಿನ ಫ್ಯೂಸು

ಹನ್ನೊಂದು ಮುಕ್ಕಾಲಕ್ಕೆ ಸರಿಯಾಗಿ ಅತೀಯಾಳ ಕಂಪ್ಯೂಟರು ಒಬ್ಬ ಮನುಷ್ಯನನ್ನು ಕೊಂದಿತು. ಲೆಕ್ಕದಲ್ಲಿ ಕೊಂದಿತು, ನಿಜ. ಆದರೆ ಆ ಲೆಕ್ಕದೊಳಗಿದ್ದ ಮನುಷ್ಯ ಅವಳ ಅಪ್ಪ ಮುನೀರ್ ಪಾಷಾ, ಮತ್ತು ಆತ ಆ ಹೊತ್ತಿಗೆ ನಿಜವಾಗಿಯೂ ಬಾವಿಯೊಳಗಿದ್ದ.

ಕಡೂರಿನ ಕಾಲೇಜಿನಲ್ಲಿ ಅವತ್ತು ಪಾಠವಿರಲಿಲ್ಲ, ಪರೀಕ್ಷೆಗೆ ಮುಂಚಿನ ರಜೆ. ಕಂಪ್ಯೂಟರ್ ವಿಭಾಗದ ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಕೂತು ತನ್ನ ಪಿಎಚ್‌ಡಿಯ ನಾಲ್ಕನೆಯ ಅಧ್ಯಾಯ ತಿದ್ದುತ್ತಿದ್ದಳು. ಪರದೆಯ ಮೇಲೆ ಏಳು ಸಾಲು ಬಂದು ನಿಂತವು. ಏಳನೆಯದರಲ್ಲಿ ‘ಮನುಷ್ಯ ಒಳಗೆ, ಮೋಟಾರು ಚಾಲೂ’ ಎಂದಿತ್ತು. ಅತೀಯಾ ಅದನ್ನು ಮೂರು ಸಲ ಓದಿದಳು. ಎಲ್ಲೋ ತಪ್ಪು ಟೈಪ್ ಮಾಡಿದ್ದೇನೆ ಎಂದು ಹುಡುಕಿದಳು. ತಪ್ಪಿರಲಿಲ್ಲ.

ಅವಳ ವಿಷಯ ಎಂಥದ್ದೆಂದರೆ, ಮದುವೆಮನೆಯಲ್ಲಿ ಯಾರಾದರೂ ಕೇಳಿ ಅವಳು ಹೇಳಲು ಶುರುಮಾಡಿದರೆ ಕೇಳಿದವರು ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತಿದ್ದರು. ಒಂದೇ ಹೊತ್ತಿಗೆ ನಾಲ್ಕಾರು ಯಂತ್ರಗಳು ತಂತಮ್ಮ ಪಾಡಿಗೆ ಕೆಲಸ ಮಾಡುತ್ತಿರುವಾಗ ಯಾವುದು ಯಾವುದಕ್ಕೆ ಅಡ್ಡ ಬಂದೀತು ಎಂದು ಮೊದಲೇ ಲೆಕ್ಕ ಹಾಕಲು ಹಲವು ಬಗೆಗಳಿವೆ. ಅವುಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಅವಳ ಕೆಲಸ. ಕ್ಲಾಸಿನಲ್ಲಿ ಇಂಗ್ಲಿಷ್ ಹೆಸರು ಹೇಳುತ್ತಿದ್ದಳು. ಅಪ್ಪನಿಗಾಗಿ ಮಾತ್ರ ಬೇರೆ ಹೆಸರಿಟ್ಟಿದ್ದಳು: ಕೈಲೆಕ್ಕ, ಅಂಚೆಲೆಕ್ಕ, ಗೋಲಿಲೆಕ್ಕ. ಕೈಲೆಕ್ಕದಲ್ಲಿ ಒಬ್ಬ ಕೊಟ್ಟದ್ದನ್ನು ಇನ್ನೊಬ್ಬ ಆ ಕ್ಷಣವೇ ಕೈಯೊಡ್ಡಿ ತೆಗೆದುಕೊಳ್ಳುತ್ತಾನೆ, ಬಿಸಿ ಟೀ ಲೋಟ ಕೊಟ್ಟ ಹಾಗೆ; ನಡುವೆ ಗಾಳಿಯಲ್ಲಿ ಏನೂ ಉಳಿಯುವುದಿಲ್ಲ. ಅಂಚೆಲೆಕ್ಕದಲ್ಲಿ ಕೊಟ್ಟವನು ಕೊಟ್ಟು ಹೋಗಿಬಿಡುತ್ತಾನೆ. ಅದು ಯಾವಾಗ ತಲುಪೀತೋ, ಹಿಂದೆ ಹೊರಟದ್ದು ಮುಂದೆ ಬಂದೀತೋ, ಹೇಳುವವರಿಲ್ಲ. ಗೋಲಿಲೆಕ್ಕದಲ್ಲಿ ಗುಳಿಗಳು ಮತ್ತು ಗೋಲಿಗಳು. ಎಲ್ಲಾ ಗುಳಿಯಲ್ಲೂ ಗೋಲಿ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ, ಒಂದು ಖಾಲಿಯಿದ್ದರೂ ಇಲ್ಲ.

ಮೂರನೆಯದನ್ನು ಅವಳಿಗೆ ಅರ್ಥಮಾಡಿಸಿದ್ದು ಪುಸ್ತಕವಲ್ಲ, ಬೀರಪ್ಪ. ಅಮೃತಾಪುರದಾಚೆ, ನಾಲೆಯ ಪಕ್ಕದಲ್ಲಿ, ಏತ ನೀರಾವರಿ ಸಂಘದ ಪಂಪ್‌ಹೌಸಿದೆ. ಅದನ್ನು ನೋಡಿಕೊಳ್ಳುವವನು ಆತ, ಅರವತ್ತು ದಾಟಿದ ಮನುಷ್ಯ. ಅಲ್ಲಿನ ಬಾವಿಯ ಮೇಲೆ ಮೂವತ್ತು ಎಚ್‌ಪಿಯ ಮೋಟಾರು, ಕೆಳಗೆ ನೀರೆತ್ತುವ ರೆಕ್ಕೆ, ಎರಡಕ್ಕೂ ನಡುವೆ ಇಪ್ಪತ್ತಡಿ ಉದ್ದದ ಕಬ್ಬಿಣದ ದಂಡ. ನಾಲೆಯಲ್ಲಿ ತೇಲಿಬಂದ ಜೊಂಡು, ಹರಕು ಸೀರೆ, ಪ್ಲಾಸ್ಟಿಕ್ಕು ಎಲ್ಲಾ ಬಂದು ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಯಾರಾದರೂ ಏಣಿ ಇಳಿದು, ರೆಕ್ಕೆಯ ನಡುವೆ ತೋಳು ತೂರಿಸಿ ಅದನ್ನು ಬಿಡಿಸಬೇಕು.

ಬೋರ್ಡಿನಲ್ಲಿ ಮೂರು ಬಿಳಿ ಪಿಂಗಾಣಿ ಫ್ಯೂಸುಗಳಿದ್ದವು, ಮೂರು ಫೇಸಿಗೆ ಮೂರು. ಬೀರಪ್ಪ ಒಂದಕ್ಕೆ ಅರಿಶಿನದ ದಾರ ಕಟ್ಟಿದ್ದ, ಅದು ಅವನದು. ಹಸಿರು ಬಣ್ಣದ ಬೊಟ್ಟಿಟ್ಟದ್ದು ಪಾಷಾನದು, ಆ ಮೋಟಾರಿನ ರಿಪೇರಿ ಆತನದೇ. ಮೂರನೆಯದು ಬರಿಯದು, ಇನ್ಯಾರಾದರೂ ಇಳಿದರೆ ಅವರಿಗೆ. ಬಾವಿಗೆ ಇಳಿಯುವವನು ತನ್ನ ಫ್ಯೂಸು ಕಿತ್ತು ಮೈಮೇಲಿಟ್ಟುಕೊಂಡೇ ಇಳಿಯಬೇಕು, ಮೇಲೆ ಬಂದವನೇ ಮೊದಲು ತನ್ನದನ್ನು ವಾಪಸ್ಸು ಹಾಕಬೇಕು. ಮೂರೂ ಸೇರದೆ ಮೋಟಾರು ಏಳುವುದಿಲ್ಲ. ಒಬ್ಬರ ಫ್ಯೂಸನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹರೆಯದಲ್ಲಿ ಬೀರಪ್ಪ ಅಜ್ಜಂಪುರದ ಎಣ್ಣೆ ಮಿಲ್ಲೊಂದರಲ್ಲಿ ದುಡಿಯುತ್ತಿದ್ದಾಗ ಯಾರೋ ಯಂತ್ರದ ಒಳಗಿದ್ದವನನ್ನು ಮರೆತು ಸ್ವಿಚ್ಚು ಹಾಕಿದ್ದರು. ಒಳಗಿದ್ದವನು ಬೀರಪ್ಪನ ತಮ್ಮ. ಅಂದಿನಿಂದ ಈ ನೇಮ ಅವನ ಕೈಗೆ ಅಂಟಿತ್ತು. ಅತೀಯಾ ಅದನ್ನು ಚಿತ್ರ ಬಿಡಿಸಿ ತನ್ನ ಎರಡನೆಯ ಅಧ್ಯಾಯದಲ್ಲಿ ಹಾಕಿದ್ದಳು. ಚಂದದ ಉದಾಹರಣೆ ಎಂದು ಗೈಡು ಹೊಗಳಿದ್ದರು.

ಚಂದದ ಉದಾಹರಣೆ ಎಂದುಕೊಂಡದ್ದೇ ಅವಳ ತಪ್ಪು. ಬೀರಪ್ಪನದು ಹಳೆಯ ಕಾಲದ್ದು, ತನ್ನದು ಅದಕ್ಕಿಂತ ಒಂದು ಕೈ ಮೇಲು ಎಂದು ಅವಳಿಗೆ ಒಳಗೊಳಗೇ ಅನ್ನಿಸಿತ್ತು. ಮೂರು ತಿಂಗಳ ಹಿಂದೆ ಸಂಘದವರು ಮೊಬೈಲ್ ಸ್ಟಾರ್ಟರ್ ತಂದಾಗ ಅದನ್ನು ಕೂರಿಸಿದವನು ಪಾಷಾ. ತರೀಕೆರೆಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಕಡಿಮೆ ಬೆಲೆಯ ಪೆಟ್ಟಿಗೆ, ಒಳಗೊಂದು ಸಿಮ್ಮು. ಮೆಸೇಜೋ ಕರೆಯೋ ಹೋದರೆ, ಮೋಟಾರು ನಿಂತಿದ್ದರೆ ಏಳುತ್ತದೆ, ಓಡುತ್ತಿದ್ದರೆ ನಿಲ್ಲುತ್ತದೆ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಮನುಷ್ಯರು ಬಾವಿಯಲ್ಲಿರುವಾಗ ಯಾರೂ ಮೆಸೇಜು ಕಳಿಸದಂತೆ ತಡೆಯಲು ಅತೀಯಾ ಒಂದು ಆಪ್ ಬರೆದಳು. ಇಳಿಯುವ ಮುಂಚೆ ಪಾಷಾ ತನ್ನ ಫೋನಿನಲ್ಲಿ ‘ಇಳಿಯುತ್ತೇವೆ’ ಒತ್ತಬೇಕು. ಮೇಲಿನ ಟ್ಯಾಂಕಿನ ಹತ್ತಿರ ವಾಲ್ವ್ ತಿರುಗಿಸುವ ವಿಮಲಮ್ಮನ ಫೋನು ‘ಹೂಂ’ ಎನ್ನಬೇಕು. ಎಂದೊಡನೆ ಅವರ ಸ್ಟಾರ್ಟ್ ಬಟನ್ನು ಸತ್ತುಹೋಗುತ್ತದೆ. ಇದು ಎಂದೂ ತಪ್ಪುವುದಿಲ್ಲ ಎಂದು ಅವಳು ಸಾಧಿಸಿ ತೋರಿಸಿದ್ದಳು, ಕೈಲೆಕ್ಕದಲ್ಲಿ.

ಪಾಷಾನಿಗೆ ಹೆಮ್ಮೆಯೋ ಹೆಮ್ಮೆ. ಅಂಗಡಿಗೆ ಬಂದವರಿಗೆಲ್ಲಾ, ನನ್ನ ಮಗಳು ಕಾಗದದ ಮೇಲೆ ರುಜುವಾತು ಮಾಡಿದ್ದಾಳೆ ಎಂದು ಹೇಳಿಕೊಂಡು ಬಂದ. ಹಾಗಾದರೆ ಇನ್ನು ಫ್ಯೂಸು ಕೀಳುವುದು ಬೇಡವಾ ಎಂದು ಒಂದು ಸಂಜೆ ಕೇಳಿದ. ಕಿತ್ತೂ ಕಿತ್ತೂ ಬೋರ್ಡಿನ ಹಿಡಿಕೆಗಳು ಸಡಿಲವಾಗಿ ಕಿಡಿ ಹಾರುತ್ತಿತ್ತು, ಒಮ್ಮೆ ಅವನ ಹೆಬ್ಬೆರಳು ಸುಟ್ಟಿತ್ತು. ಆ ಬೆರಳು ನೋಡಿಯೇ ಅತೀಯಾ ಹೇಳಿದ್ದಳು.

“ಬೇಡ ಅಬ್ಬಾ. ಇನ್ನು ಅದರ ಅಗತ್ಯ ಇಲ್ಲ.”

ಈಗ ನಾಲ್ಕನೆಯ ಅಧ್ಯಾಯಕ್ಕೆ ಗೈಡು ಬೇರೆ ಕೆಲಸ ಹೇಳಿದ್ದರು. ಮೂರು ಲೆಕ್ಕವೂ ಏನೇನು ಹೇಳುತ್ತವೆ ಎಂದು ಬರೆದದ್ದು ಸಾಕು, ಒಂದೊಂದೂ ಏನನ್ನು ಮರೆಯುತ್ತದೆ ಅದನ್ನು ಬರೆ ಎಂದಿದ್ದರು. ಹಾಗೆಂದೇ ಅವಳು ಅದೇ ಪಂಪ್‌ಹೌಸನ್ನು ಅಂಚೆಲೆಕ್ಕಕ್ಕೆ ಹಾಕಿದ್ದು. ಹಾಕಿ, ಟೀ ಕುಡಿದು ಮತ್ತೆ ತಿದ್ದಲು ಕೂತಷ್ಟರಲ್ಲಿ ಏಳು ಸಾಲು. ವಿಮಲಮ್ಮ ಸ್ಟಾರ್ಟ್ ಒತ್ತುತ್ತಾರೆ. ಮೆಸೇಜು ದಾರಿಯಲ್ಲೇ ಉಳಿಯುತ್ತದೆ. ಪಾಷಾ ‘ಇಳಿಯುತ್ತೇವೆ’ ಒತ್ತುತ್ತಾನೆ. ಅದು ಇಂಟರ್‌ನೆಟ್ಟಿನಲ್ಲಿ, ಬೇರೆ ದಾರಿಯಲ್ಲಿ ಹೋಗುತ್ತದೆ. ವಿಮಲಮ್ಮನ ಫೋನು ‘ಹೂಂ’ ಎನ್ನುತ್ತದೆ. ಪಾಷಾ ಇಳಿಯುತ್ತಾನೆ. ದಾರಿಯಲ್ಲಿದ್ದ ಹಳೆಯ ಮೆಸೇಜು ಬಂದು ತಲುಪಿ ಮೋಟಾರು ಏಳುತ್ತದೆ. ಕೈಲೆಕ್ಕ ಮರೆತದ್ದು ಇದನ್ನೇ. ಅದರಲ್ಲಿ ದಾರಿ ಎಂಬುದೇ ಇಲ್ಲ.

ಆಪ್ ತೆಗೆದು ನೋಡಿದಳು. ‘ಇಳಿಯುತ್ತೇವೆ, ಇಬ್ಬರು, 11.05.’

ಅಪ್ಪನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಬಾವಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು. ಬೀರಪ್ಪ ಫೋನು ಇಟ್ಟುಕೊಂಡವನೇ ಅಲ್ಲ. ವಿಮಲಮ್ಮ ಎರಡನೆಯ ರಿಂಗಿಗೇ ಎತ್ತಿದರು. ಇವತ್ತು ಸ್ಟಾರ್ಟ್ ಒತ್ತಿದ್ದಿರಾ ಎಂದು ಅತೀಯಾ ಕೇಳಿದಳು. ಇಲ್ಲ ಎಂದುಬಿಡಲಿ ಎಂದು ಮನಸ್ಸಿನಲ್ಲೇ ದುವಾ ಮಾಡುತ್ತಿದ್ದಳು.

“ಹತ್ತು ಗಂಟೆಗೆ ಒತ್ತಿದ್ದೆ ಕಣವ್ವ. ಒಂದೇ ಗೀಟು ಬಂತು, ಎಲ್ಡು ಗೀಟು ಬರ್ಲೇ ಇಲ್ಲ. ಮೋಟ್ರೂ ಏಳ್ಲಿಲ್ಲ. ಪೆಟ್ಗೆಗೆ ಟವರ್ ಸಿಕ್ಕಿಲ್ಲ ಅಂತ ಸುಮ್ನಾದೆ. ಆಮೇಲೆ ನಿಮ್ಮಪ್ಪಾರು ಇಳೀತೀವಿ ಅಂತ ಕಳ್ಸಿದ್ರು, ಹೂಂ ಅಂದೆ.”

ಒಂದು ಗೀಟೆಂದರೆ ಹೊರಟಿದೆ. ಎರಡು ಗೀಟೆಂದರೆ ತಲುಪಿದೆ. ಏಳು ಸಾಲಿನಲ್ಲಿ ಆರು ಸಾಲು ಆಗಿಹೋಗಿತ್ತು.

ಅವಳು ಮಾಡಬಹುದಾದ್ದನ್ನೆಲ್ಲಾ ಮಾಡಿದಳು. ಅಮೃತಾಪುರದಲ್ಲಿ ಗೊತ್ತಿದ್ದ ಎರಡು ನಂಬರುಗಳಲ್ಲಿ ಒಂದು ಸ್ವಿಚ್ ಆಫ್, ಇನ್ನೊಂದನ್ನು ಯಾರೂ ಎತ್ತಲಿಲ್ಲ. ಕರೆಂಟಿನವರಿಗೆ ಮಾಡಿದರೆ ಯಾವ ಫೀಡರ್ ಲೈನು ಎಂದು ಕೇಳಿದರು. ಅದರ ನಂಬರು ಅಪ್ಪನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ವಿಮಲಮ್ಮನಿಗೆ, ಕೈಮುಗಿಯುತ್ತೇನೆ, ಪಂಪ್‌ಹೌಸಿಗೆ ಹೋಗಿ ಮೇನ್ ಆಫ್ ಮಾಡಿ, ಫೋನಿನಲ್ಲಿ ಮಾತ್ರ ಇನ್ನೇನೂ ಒತ್ತಬೇಡಿ ಎಂದಳು. ನಾಲ್ಕು ಕಿಲೋಮೀಟರ್ ನಾಲೆ ಏರಿಯ ದಾರಿ, ಅವರಿಗೆ ಮಂಡಿನೋವು. ಹೊರಟೆ ಅಂದರು.

ಇನ್ನೊಂದು ದಾರಿ ಕೈಯಲ್ಲೇ ಇತ್ತು. ಆ ಪೆಟ್ಟಿಗೆಗೆ ತಾನೇ ಒಂದು ಕರೆ ಮಾಡುವುದು. ವಿಮಲಮ್ಮನ ಮೆಸೇಜು ಮುಟ್ಟಿ ಮೋಟಾರು ಎದ್ದಿದ್ದರೆ ಅವಳ ಕರೆ ಅದನ್ನು ನಿಲ್ಲಿಸುತ್ತದೆ. ಮುಟ್ಟಿರದಿದ್ದರೆ ಅವಳ ಕರೆಯೇ ಮೋಟಾರನ್ನು ಎಬ್ಬಿಸುತ್ತದೆ. ಯಾವುದು ಮೊದಲು ಎಂದು ತಿಳಿಯುವ ಬಗೆ ಯಾವ ಲೆಕ್ಕದಲ್ಲೂ ಇರಲಿಲ್ಲ. ಹೆಬ್ಬೆರಳು ಆ ನಂಬರಿನ ಮೇಲೆ ಹೋಗಿ ನಿಂತಿತು. ಬೆವರಿಗೆ ಜಾರಿ ಬಿದ್ದರೂ ಸಾಕಿತ್ತು. ಅತೀಯಾ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಎದ್ದಳು. ಆಮೇಲೆ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದಳು. ತನ್ನ ಕೈಯನ್ನೇ ಅವಳು ನಂಬಲಿಲ್ಲ.

ಕಡೂರಿನಿಂದ ಬೀರೂರು, ಬೀರೂರಿನಿಂದ ತರೀಕೆರೆ, ಅಲ್ಲಿಂದ ಅಮೃತಾಪುರ. ಎಷ್ಟು ಎಳೆದರೂ ಒಂದು ಗಂಟೆ. ರೆಕ್ಕೆ ಬಿಡಿಸಲು ಸಾಮಾನ್ಯವಾಗಿ ಎರಡು ಗಂಟೆ ಹಿಡಿಯುತ್ತದೆ, ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿದೀತು. ಅಷ್ಟರೊಳಗೆ ತಲುಪಬಹುದು, ಮೆಸೇಜು ತಲುಪದಿದ್ದರೆ. ಹೈವೇಯಲ್ಲಿ ಲಾರಿಗಳ ನಡುವೆ ನುಗ್ಗುತ್ತಾ ಅವಳು ತನಗೆ ತಾನೇ ವಾದ ಹೂಡಿದಳು. ಅಬ್ಬಾ ಹಳೆಯ ಅಭ್ಯಾಸದಲ್ಲಿ ಫ್ಯೂಸು ಕಿತ್ತಿರುತ್ತಾನೆ. ಇಲ್ಲ, ಕಿತ್ತಿರುವುದಿಲ್ಲ. ಮಗಳು ಬೇಡ ಅಂದದ್ದನ್ನು ಆತ ಎಂದೂ ಮಾಡಿದವನಲ್ಲ. ಅವಳು ಹೇಳಿದಳೆಂದು ಸಿಗರೇಟು ಬಿಟ್ಟ, ಹೆಲ್ಮೆಟ್ಟು ಹಾಕಿದ, ಐವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡಕ ಮಾಡಿಸಿದ. ಇಷ್ಟು ದಿನ ಅದು ಅವಳಿಗೆ ಸುಖವಾಗಿತ್ತು. ಇವತ್ತು ಅದೇ ಎದೆಯ ಮೇಲೆ ಕೂತಿತ್ತು.

ತರೀಕೆರೆಯಲ್ಲಿ ಅಪ್ಪನ ಅಂಗಡಿಯ ಮುಂದೆಯೇ ಹಾದುಹೋಗಬೇಕಿತ್ತು. ಷಟರು ಅರ್ಧ ಎಳೆದಿತ್ತು. ಒಳಗೆ ಅಮ್ಮ ಜಹೀರುನ್ನೀಸಾ ತಾಮ್ರದ ತಂತಿ ಸುತ್ತುತ್ತಾ ಕೂತಿರುತ್ತಾಳೆ, ಒಂದು ಗಂಟೆಗೆ ಊಟಕ್ಕೆ ಬರುತ್ತಾನೆಂದು ಗಂಡನಿಗೆ ಕಾಯುತ್ತಾ. ಅತೀಯಾ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಮ್ಮನ ಮುಖ ನೋಡಬೇಕಾಗುತ್ತಿತ್ತು.

ಅಮೃತಾಪುರ ದಾಟಿ ನಾಲೆ ಏರಿಗೆ ಹತ್ತಿದಾಗ ಮುಂದೆ ವಿಮಲಮ್ಮ ಕಂಡರು. ಕುಂಟುತ್ತಾ ನಡೆಯುತ್ತಿದ್ದರು, ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ಫೋನನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿದಿದ್ದರು, ಎಲ್ಲಿ ಏನು ಒತ್ತಿಹೋಗುತ್ತದೋ ಎಂದು. ಅತೀಯಾಳನ್ನು ನೋಡಿದವರೇ ಅದನ್ನು ಅವಳ ಮುಖಕ್ಕೆ ತೋರಿಸಿದರು.

“ಈಗ ತಾನೆ ಟಿಣ್ ಅಂತು ಕಣವ್ವ. ಎಲ್ಡು ಗೀಟು ಬಂದ್ಬಿಟ್ಟೈತೆ.”

ಏಳನೆಯ ಸಾಲು. ಅಲ್ಲಿಂದ ಪಂಪ್‌ಹೌಸಿಗೆ ಎರಡು ಕಿಲೋಮೀಟರಿಗಿಂತ ಹೆಚ್ಚಿತ್ತು. ಅವಳು ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಅಳುತ್ತಿದ್ದಳು, ಕಣ್ಣು ಮಂಜಾಗುತ್ತಿತ್ತು, ಆದರೂ ಕಿವಿಯೆಲ್ಲಾ ಮುಂದಿತ್ತು. ಆ ಮೋಟಾರಿನ ಸದ್ದು ಅರ್ಧ ಮೈಲಿಗೆ ಕೇಳುತ್ತದೆ. ತಿರುವು ಕಳೆದು, ಹೊಂಗೆಮರ ಕಳೆದು, ಪಂಪ್‌ಹೌಸಿನ ತಗಡು ಕಂಡಿತು. ಸದ್ದಿಲ್ಲ. ಎದ್ದು, ಏನೋ ಸಿಕ್ಕಿಕೊಂಡು ನಿಂತುಹೋಗಿದ್ದರೂ ಸದ್ದಿರುವುದಿಲ್ಲ ಎಂದು ಆಗಲೇ ಹೊಳೆದದ್ದು. ಸ್ಕೂಟರನ್ನು ನಿಲ್ಲಿಸದೆ ಹಾಗೇ ಕೆಳಗೆ ಬಿಟ್ಟು ಓಡಿದಳು.

ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ. ಒಳಗೆ ಕತ್ತಲೆ. ಪೆಟ್ಟಿಗೆಯ ಮೇಲೆ ಸಣ್ಣ ಕೆಂಪು ದೀಪ ಮಿನುಗುತ್ತಿತ್ತು. ಅದರ ಅರ್ಥ ಅವಳಿಗೆ ಗೊತ್ತಿತ್ತು: ಅಪ್ಪಣೆ ಬಂದಿದೆ, ಫೇಸು ಪೂರ್ತಿಯಿಲ್ಲ, ಕಾಯುತ್ತಿದ್ದೇನೆ. ಬೋರ್ಡಿನಲ್ಲಿ ಒಂದು ಗುಳಿ ಖಾಲಿಯಿತ್ತು. ಯಾರೋ ಒಂದು ಫ್ಯೂಸು ಕಿತ್ತಿದ್ದರು. ಮೋಟಾರು ಎದ್ದೇ ಇರಲಿಲ್ಲ. ಅತೀಯಾ ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರು ಬಿಟ್ಟಳು.

ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು ಕಂಡಿತು. ಇಳಿದವರು ಇಬ್ಬರು. ಖಾಲಿಯಿರುವುದು ಒಂದೇ ಗುಳಿ. ಮಿಕ್ಕ ಎರಡರಲ್ಲಿ ಒಂದು ಬರಿಯ ಫ್ಯೂಸು. ಇನ್ನೊಂದರ ಮೇಲೆ ಹಸಿರು ಬೊಟ್ಟು.

ಬಾವಿಯ ಬಾಯಲ್ಲಿ ಏಣಿ ಕಿರುಗುಟ್ಟಿತು. ಬೀರಪ್ಪನ ತಲೆ, ಆಮೇಲೆ ಭುಜ ಮೇಲೆ ಬಂತು. ಮೈಯೆಲ್ಲಾ ಕೆಸರು. ಹೊರಗಿನ ಬೆಳಕಿಗೆ ಬೆನ್ನು ಕೊಟ್ಟು ನಿಂತಿದ್ದ ಅವಳನ್ನು ಆತ ಗಮನಿಸಲಿಲ್ಲ. ಸೊಂಟದ ಗಂಟಿನಿಂದ ಅರಿಶಿನ ದಾರದ ಫ್ಯೂಸು ತೆಗೆದ. ಮೂಲೆಯಲ್ಲಿದ್ದ ಹಗ್ಗದ ಕಡೆಗೆ ನೋಡುತ್ತಲೇ ಕೈ ಬೋರ್ಡಿನ ಕಡೆಗೆ ಹೋಯಿತು. ನಲವತ್ತು ವರ್ಷದ ಅಭ್ಯಾಸ. ಮೇಲೆ ಬಂದವನೇ ಮೊದಲು ತನ್ನದನ್ನು ಹಾಕಬೇಕು. ಮಿಕ್ಕವರದನ್ನು ಮಿಕ್ಕವರು ನೋಡಿಕೊಳ್ಳುತ್ತಾರೆ. ಕೆಳಗಿರುವವನ ಫ್ಯೂಸು ಕೆಳಗೇ ಇರುತ್ತದೆ. ಈ ನೇಮದಲ್ಲಿ ಲೋಪವಿರಲಿಲ್ಲ. ಎಲ್ಲರೂ ಪಾಲಿಸುವತನಕ ಇರಲಿಲ್ಲ.

ಅತೀಯಾ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಫ್ಯೂಸು ಚಟ್ಟೆಂದು ಕೂತಿತು. ಕೆಂಪು ದೀಪ ಮಿನುಗುವುದನ್ನು ನಿಲ್ಲಿಸಿ ಹಸಿರಾಯಿತು. ಹಸಿರಾದ ಮೇಲೆ ಮೂರು ಎಣಿಸುವಷ್ಟು ಹೊತ್ತು ಬಿಟ್ಟು ಮೋಟಾರು ಏಳುತ್ತದೆ, ಆ ಗಡುವನ್ನು ಇಟ್ಟುಕೊಟ್ಟವನು ಅವಳಪ್ಪನೇ. ಅವಳು ಬೀರಪ್ಪನ ಮೈಮೇಲೇ ಬಿದ್ದಂತೆ ಹಾರಿ ಹಸಿರು ಬೊಟ್ಟಿನ ಫ್ಯೂಸಿಗೆ ಕೈಹಾಕಿ ಎಳೆದಳು. ಸಡಿಲವಾಗಿದ್ದ ಹಿಡಿಕೆ, ಒಂದೇ ಎಳೆತಕ್ಕೆ ಬಂತು. ಹಿಂದೆಯೇ ಪೆಟ್ಟಿಗೆಯೊಳಗೆ ಟಕ್ ಎಂದಿತು. ಮೋಟಾರು ಅಲುಗಲಿಲ್ಲ. ದೀಪ ಮತ್ತೆ ಕೆಂಪಾಗಿ ಮಿನುಗತೊಡಗಿತು. ಅವಳು ಇನ್ನೊಂದು ಕೈಯಿಂದ ಮೇನನ್ನೂ ಕೆಳಗೆ ಎಳೆದಳು. ಆಗ ಅದು ಆರಿತು.

ಬೀರಪ್ಪ ಅವಳ ಕೈಯಲ್ಲಿದ್ದದ್ದನ್ನು ನೋಡಿದ. ಬೋರ್ಡು ನೋಡಿದ. ಆಮೇಲೆ ಅವನಿಗೆ ಎಲ್ಲಾ ತಿಳಿಯಿತು. ಗೋಡೆಗೆ ಒರಗಿಕೊಂಡು ಹಾಗೇ ಜಾರಿ ಕೂತ.

“ಸಾಬ್ರು ಕೀಳ್ಲಿಲ್ಲ ಅಂತ ನಂಗೊತ್ತಿತ್ತು ಕಣವ್ವ,” ಎಂದ. “ಇಳಿಯೋವಾಗ್ಲೇ ಬೈದಿದ್ದೆ. ನಂಗೊತ್ತಿತ್ತು. ಆದ್ರೂ ಕೈ ಹಾಕ್ಬಿಡ್ತು ನೋಡು.”

ಕೆಳಗಿನಿಂದ ಪಾಷಾನ ದನಿ ಬಂತು, ದಿನದ ದನಿ, ಕೊಂಚ ಬೇಸರದ್ದು. ಹಗ್ಗ ತರಕ್ಕೆ ಇಷ್ಟು ಹೊತ್ತೇನಪ್ಪಾ, ತೋಳು ಸೋತುಹೋಯ್ತು, ರೆಕ್ಕೆ ಒಳಗೆ ಸೀರೆ ಗಂಟು ಬಿದ್ದಿದೆ ಎಂದು ಕೂಗಿದ. ಅತೀಯಾ ಬಾವಿಯ ಕಟ್ಟೆಗೆ ಹೋಗಿ ಬಗ್ಗಿದಳು. ಇಪ್ಪತ್ತಡಿ ಕೆಳಗೆ, ತಲೆಗೆ ಕಟ್ಟಿದ್ದ ಟಾರ್ಚಿನ ಬೆಳಕಲ್ಲಿ, ಅಪ್ಪನ ಬಲಗೈ ಮೊಣಕೈ ಮೇಲಿನವರೆಗೂ ರೆಕ್ಕೆಯ ಒಳಗಿತ್ತು.

“ಅಬ್ಬಾ,” ಎಂದಳು. “ಮೊದಲು ಕೈ ತೆಗೀರಿ. ಮೇಲೆ ಬನ್ನಿ.”

ಅವಳು ಇಲ್ಲಿಗೆ ಯಾಕೆ ಬಂದಳು, ಕಾಲೇಜಿಲ್ಲವೇ ಎಂದು ಕೇಳುತ್ತಲೇ ಆತ ಏಣಿ ಹತ್ತಿ ಬಂದ. ಬೀರಪ್ಪ ಕೂತಿದ್ದ ರೀತಿ, ಮಗಳ ಮುಖ ನೋಡಿ ಮಾತು ನಿಲ್ಲಿಸಿದ. ಕನ್ನಡಕ ಒರೆಸಿ ಹಾಕಿಕೊಂಡ. ಅವಳ ಮುಷ್ಟಿಯಲ್ಲಿದ್ದ ಹಸಿರು ಬೊಟ್ಟನ್ನು ನೋಡಿದ. ಕೋಪ ಮಾಡಿಕೊಂಡಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಆತ ಮನೆಮಾತಿನಲ್ಲಿ, ದಖ್ಖನಿಯಲ್ಲಿ, ನಿಜವಾಗಿಯೂ ತಿಳಿಯದೆ ಕೇಳುವವನಂತೆ ಕೇಳಿದ.

“ಅಗತ್ಯ ಇಲ್ಲ ಅಂತ ನೀನೇ ಹೇಳಿದ್ದೆಯಲ್ಲಾ ಮಗಳೇ?”

ಕೈಲೆಕ್ಕ, ಅಂಚೆಲೆಕ್ಕ, ದಾರಿಯಲ್ಲಿ ಉಳಿದ ಮೆಸೇಜು, ಏಳು ಸಾಲು, ಯಾವುದನ್ನೂ ಆ ಕೆಸರು ಮೆತ್ತಿದ ತೋಳಿನ ಮುಂದೆ ಹೇಳಲಾಗಲಿಲ್ಲ. ನಾನು ತಪ್ಪು ಹೇಳಿದೆ ಅಬ್ಬಾ ಎಂದಷ್ಟೇ ಎಂದಳು. ಎಂದು, ಅವನ ತೋಳು ಹಿಡಿದುಕೊಂಡು ಬಿಕ್ಕಿದಳು.

ರೆಕ್ಕೆಯಲ್ಲಿ ಇನ್ನೂ ಅರ್ಧ ಸೀರೆ ಉಳಿದಿತ್ತು. ಅದನ್ನು ಬಿಡಿಸದೆ ಸಂಜೆಯ ನೀರು ಬರುವಂತಿರಲಿಲ್ಲ. ಪಾಷಾ ಹಸಿರು ಬೊಟ್ಟಿನದನ್ನು ಮಗಳ ಕೈಯಿಂದ ಬಿಡಿಸಿಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿದ. ಬೀರಪ್ಪ ತನ್ನದನ್ನು ಮತ್ತೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ. ಇಬ್ಬರೂ ಇಳಿದ ಮೇಲೆ ಅತೀಯಾ ಮೂರನೆಯ ಬರಿಯ ಫ್ಯೂಸನ್ನೂ ಕಿತ್ತು, ಎರಡು ಕೈಯಲ್ಲೂ ಹಿಡಿದು, ಮೇನಿನ ಕೆಳಗೇ ನೆಲದ ಮೇಲೆ ಕೂತಳು. ವಿಮಲಮ್ಮ ಬಂದು ಬಾಗಿಲಲ್ಲಿ ನಿಂತಾಗಲೂ ಏಳಲಿಲ್ಲ.

ಅರ್ಧ ಗಂಟೆಗೆ ಇಬ್ಬರೂ ಮೇಲೆ ಬಂದರು. ಫ್ಯೂಸು ಹಿಡಿದ ಮೂವರೂ ಬೋರ್ಡಿನ ಮುಂದೆ ನಿಂತರು. ಮೊದಲು ಹಾಕಲು ಯಾರ ಕೈಯೂ ಏಳಲಿಲ್ಲ. ಕೊನೆಗೆ ಬೀರಪ್ಪ ಪಾಷಾನ ಭುಜ ಮುಟ್ಟಿ ಒಂದು ಎಂದ, ಅತೀಯಾಳ ಭುಜ ಮುಟ್ಟಿ ಎರಡು ಎಂದ, ತನ್ನ ಎದೆ ಮುಟ್ಟಿಕೊಂಡು ಮೂರು ಎಂದ. ಆಮೇಲೆ ಬಾವಿಯ ಕಟ್ಟೆಗೆ ಹೋಗಿ ಒಳಗೆ ಬಗ್ಗಿ ನೋಡಿ ಬಂದು, ಮತ್ತೆ ಮೊದಲಿನಿಂದ ಎಣಿಸಿದ.